ಬಿಡಿಸದೆ ಇಟ್ಟ ದುಡ್ಡು

ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗಕ್ಕೆ ನಾನು ಸೇರಿದ್ದು 1992ರಲ್ಲಿ. ನಿವೃತ್ತಿಯಾಗುವವರೆಗೂ ಅದೇ ಬಗೆಯ ಕೆಲಸ. ಸಂಬಳದ ಪಟ್ಟಿ, ಇಎಸ್‌ಐ, ಪಿಎಫ್. ಅಷ್ಟು ವರ್ಷ ನನ್ನ ಮೇಜಿನ ಮೇಲೆ ಹೆಚ್ಚು ಓಡಾಡಿದ ಕಾಗದ ಯಾವುದೆಂದರೆ ಪಿಎಫ್‌ನ ಫಾರಂ 19. ಕೆಲಸ ಬಿಟ್ಟವರು ತಮ್ಮ ಖಾತೆಯ ಹಣವನ್ನೆಲ್ಲ ವಾಪಸು ಪಡೆಯಲು ತುಂಬುವ ಅರ್ಜಿ ಅದು. ಜೊತೆಗೆ ಪಿಂಚಣಿ ಪಾಲಿಗೆ ಫಾರಂ 10ಸಿ. ಕೊನೆಯಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ, ಸ್ಟಾಂಪಿನ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಸಹಿ ಹಾಕಿಸಬೇಕಿತ್ತು. ಸಹಿ ಬಾರದವರಿಗೆ ನನ್ನ ಇಂಕ್ ಪ್ಯಾಡ್ ಮುಂದೆ ಸರಿಸುತ್ತಿದ್ದೆ. ದಿನವಿಡೀ ಹೊಲಿಗೆ ಯಂತ್ರದ ಸೂಜಿಯ ಹತ್ತಿರ ಬಟ್ಟೆ ತಳ್ಳಿ ತಳ್ಳಿ ಎಷ್ಟೋ ಹೆಣ್ಣುಮಕ್ಕಳ ಹೆಬ್ಬೆರಳು ಸವೆದು ನುಣ್ಣಗಾಗಿರುತ್ತಿತ್ತು. ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ. ಎರಡನೇ ಸಲ ಒತ್ತಿಸುತ್ತಿದ್ದೆ.

ಆ ಅರ್ಜಿಗಳನ್ನು ತುಂಬಿಸುತ್ತಲೇ ನಾನು ನಿವೃತ್ತಿಗೆ ಹಣ ಕೂಡಿಡುವುದೆಂದರೇನು ಎಂಬುದನ್ನು ಕಲಿತೆ. ಪುಸ್ತಕ ಓದಿದ್ದು, ಲೆಕ್ಕ ಹಾಕಿದ್ದು ಆಮೇಲಿನ ಮಾತು.

ಲಗ್ಗೆರೆ, ರಾಜಗೋಪಾಲನಗರ, ದಾಸರಹಳ್ಳಿಯ ಒಂದೇ ಕೋಣೆಯ ಮನೆಗಳಿಂದ ಬರುತ್ತಿದ್ದ ಹುಡುಗಿಯರು. ಹದಿನೆಂಟು, ಹತ್ತೊಂಬತ್ತಕ್ಕೆ ಹೆಲ್ಪರ್ ಆಗಿ ಸೇರುತ್ತಿದ್ದರು. ನೂಲು ಕತ್ತರಿಸುವುದು, ಬಂಡಲ್ ಹೊರುವುದು. ಕೈ ಕುದುರಿದ ಮೇಲೆ ಟೈಲರ್. ಅಂದರೆ ಇಪ್ಪತ್ತು ತುಂಬುವ ಮೊದಲೇ ಪಿಎಫ್ ಖಾತೆ ಶುರುವಾದವರು. ಉಳಿತಾಯದ ಬಗ್ಗೆ ಬರೆಯುವವರು ಯಾರೇ ಆಗಲಿ, ಬೇಗ ಶುರು ಮಾಡಿ ಎನ್ನುತ್ತಾರಲ್ಲ. ಇವರಿಗಿಂತ ಬೇಗ ಶುರು ಮಾಡಿದವರು ಬೆಂಗಳೂರಿನಲ್ಲಿ ಯಾರಿದ್ದರು? ಎಂಜಿನಿಯರಿಂಗ್ ಓದಿ ದೊಡ್ಡ ಕಂಪನಿಗೆ ಸೇರಿದವನಿಗೂ ಇವರಿಗಿಂತ ಮೂರು ನಾಲ್ಕು ವರ್ಷ ತಡವಾಗಿ ಖಾತೆ ತೆರೆಯುತ್ತದೆ. ಆದರೆ ಐವತ್ತು ದಾಟಿ ಕೆಲಸ ಬಿಡುವಾಗ ಇವರ ಖಾತೆಯಲ್ಲಿ ಇರುತ್ತಿದ್ದುದು ಕೊನೆಯ ಎರಡು ಮೂರು ವರ್ಷಗಳ ಹಣ ಮಾತ್ರ. ಉಳಿದದ್ದೆಲ್ಲ ನಡುನಡುವೆ ಫಾರಂ 19ರ ದಾರಿ ಹಿಡಿದು ಹೋಗಿರುತ್ತಿತ್ತು.

ನನಗೆ ಕೆಲಸ ಕಲಿಸಿದ ಹಿರಿಯ ಅಕೌಂಟೆಂಟರು ಮಿತಭಾಷಿ. ನನ್ನ ಮೊದಲ ಸಂಬಳದ ದಿನ ಹಳೆಯ ಫಾರಂ 3ಎ ಕಾರ್ಡೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದು ಸಾಲು ಅಂಕಿ ಬರೆದು ತೋರಿಸಿದರು. 1, 2, 4, 8, 16, 32, 64. ಆಗ ಪಿಎಫ್ ಬಡ್ಡಿ ಶೇ. 12. ಎಪ್ಪತ್ತೆರಡನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗಲು ಬೇಕಾಗುವ ವರ್ಷ ಸುಮಾರಾಗಿ ಸಿಗುತ್ತದೆ. ಶೇ. 12ಕ್ಕೆ ಆರು ವರ್ಷ.

“ನೋಡಮ್ಮಾ, ಈಗ ಕಟ್ಟಿದ ರೂಪಾಯಿಗೆ ಮೂವತ್ತಾರು ವರ್ಷ ಸಿಕ್ಕರೆ ಆರು ಸಲ ದುಪ್ಪಟ್ಟು, ಅರವತ್ತನಾಲ್ಕು. ಹನ್ನೆರಡು ವರ್ಷ ತಡ ಮಾಡಿ ಕಟ್ಟಿದ ರೂಪಾಯಿಗೆ ನಾಲ್ಕೇ ಸಲ. ಹದಿನಾರು. ಅರವತ್ತನಾಲ್ಕೆಲ್ಲಿ, ಹದಿನಾರೆಲ್ಲಿ?” ಎಂದರು.

ಅವರ ಒತ್ತಾಯಕ್ಕೆ ಅದೇ ವರ್ಷ ಪಿಪಿಎಫ್ ಖಾತೆಯನ್ನೂ ತೆರೆದೆ. ಆಗ ಅದಕ್ಕೂ ಶೇ. 12. ವರ್ಷಕ್ಕೆ ನೂರು ರೂಪಾಯಿ ಕಟ್ಟಿದರೂ ಖಾತೆ ಉಳಿಯುತ್ತಿತ್ತು. ತಿಂಗಳ ಐದನೇ ತಾರೀಖಿನೊಳಗೆ ಕಟ್ಟು, ಆರಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು ಎಂದೂ ಅವರೇ ಹೇಳಿಕೊಟ್ಟರು. ಐದನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇರುವ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ. ಈ ನಿಯಮ ಇಂದಿಗೂ ಹಾಗೆಯೇ ಇದೆ.

ಆ ಪೆನ್ಸಿಲಿನ ಲೆಕ್ಕ ಶೇ. 12ರ ಕಾಲದ್ದು. 2000ದಿಂದ ಈಚೆಗೆ ಬಡ್ಡಿ ಒಟ್ಟಾರೆ ಇಳಿಯುತ್ತ ಬಂತು. 2021–22ರಲ್ಲಿ ಪಿಎಫ್‌ಗೆ ಶೇ. 8.1 ಕೊಟ್ಟರು, ನಾಲ್ಕು ದಶಕಗಳಲ್ಲೇ ಕಡಿಮೆ. ಪಿಪಿಎಫ್ 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ಬಂತು. ದರ ಇಳಿದ ಮೇಲೆ ಬೇಗ ಶುರು ಮಾಡಿ ಏನು ಬಂತು ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ನಾನು ಶೇ. 8ಕ್ಕೇ ಲೆಕ್ಕ ಹಾಕಿ ತೋರಿಸುತ್ತಿದ್ದೆ. ತಿಂಗಳಿಗೆ ಸಾವಿರ ರೂಪಾಯಿಯಂತೆ 35 ವರ್ಷ ಕಟ್ಟಿದರೆ ಕೊನೆಗೆ ಸುಮಾರು 22.9 ಲಕ್ಷ. ಇದನ್ನು ಎರಡಾಗಿ ಒಡೆದು ನೋಡಬೇಕು. ಮೊದಲ ಹತ್ತು ವರ್ಷ ಕಟ್ಟಿದ್ದು 1.2 ಲಕ್ಷ, ಅದೊಂದೇ ಬೆಳೆದು 13.4 ಲಕ್ಷ ಆಗಿರುತ್ತದೆ. ಮುಂದಿನ ಇಪ್ಪತ್ತೈದು ವರ್ಷ ಕಟ್ಟಿದ್ದು 3 ಲಕ್ಷ. ಅದು ಬೆಳೆದದ್ದು 9.5 ಲಕ್ಷ. ಮೊದಲ ಹತ್ತು ವರ್ಷದ ಹಣವನ್ನು ಕೆಲಸ ಬದಲಿಸುವಾಗ ಬಿಡಿಸಿಕೊಂಡವರು ಮನೆಗೆ ಒಯ್ದದ್ದು ಒಂದೂವರೆ, ಎರಡು ಲಕ್ಷ. ಬಿಟ್ಟುಹೋದದ್ದು ಹದಿಮೂರು ಲಕ್ಷ. ಚಿಕ್ಕ ವಯಸ್ಸಿನಲ್ಲಿ ಬಿಡಿಸುವ ಹಣವೇ ಎಲ್ಲಕ್ಕಿಂತ ದುಬಾರಿ, ಅದೇ ಅತಿ ಸುಲಭವಾಗಿ ಕೈಗೆ ಬರುವ ಹಣ ಕೂಡ.

ಇದನ್ನು ಆ ಹುಡುಗಿಯರಿಗೆ ಹೇಳಲಿಲ್ಲವೆಂದಲ್ಲ. ಫಾರಂ 13 ತುಂಬಿದರೆ ಹಳೆಯ ಕಾರ್ಖಾನೆಯ ಖಾತೆಯ ಹಣ ಹೊಸ ಕಾರ್ಖಾನೆಯ ಖಾತೆಗೆ ವರ್ಗವಾಗುತ್ತದೆ, ಬಿಡಿಸುವ ಅಗತ್ಯವಿಲ್ಲ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಕಾಲರ್ ಹೊಲಿಯುತ್ತಿದ್ದ ಒಬ್ಬಾಕೆ ಒಂದು ಸಲ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಅವಸರವಿಲ್ಲದೆ, ತಲೆಯಾಡಿಸುತ್ತ.

“ನೀವು ಹೇಳೋದು ಸರಿ ಅಕ್ಕಾ. ಅರವತ್ತಕ್ಕೆ ಬರೋ ದುಡ್ಡು ಚೆನ್ನಾಗಿದೆ. ಆದ್ರೆ ಜೂನ್ ಒಂದನೇ ತಾರೀಖು ಮಗನ ಸ್ಕೂಲಿಗೆ ಕಟ್ಟೋ ದುಡ್ಡು ಎಲ್ಲಿಂದ ತರ್ಲಿ? ಕೆಲ್ಸ ಬಿಟ್ರೇನೇ ನಂ ದುಡ್ಡು ನಂಗೆ ಸಿಗೋದು.”

ಆಮೇಲೆ ಗಮನಿಸುತ್ತ ಹೋದೆ. ರಾಜೀನಾಮೆಗಳು ವರ್ಷವಿಡೀ ಒಂದೇ ಸಮ ಬರುತ್ತಿರಲಿಲ್ಲ. ಏಪ್ರಿಲ್, ಮೇನಲ್ಲಿ ಜಾಸ್ತಿ. ಕೆಲಸ ಬಿಟ್ಟು ಎರಡು ತಿಂಗಳು ಕಾದರೆ ಪಿಎಫ್ ಕೈಗೆ ಬರುತ್ತಿತ್ತು. ಶಾಲೆ ಶುರುವಾಗುವ ಹೊತ್ತಿಗೆ ಅಥವಾ ಫೀಸಿಗೆ ಮಾಡಿದ ಕೈಸಾಲ ತೀರಿಸುವ ಹೊತ್ತಿಗೆ. ಮತ್ತೆ ಪಕ್ಕದ ಕಾರ್ಖಾನೆಯಲ್ಲಿ ಹೊಸ ನಂಬರು, ಹೊಸ ಖಾತೆ, ಸೊನ್ನೆಯಿಂದ. ಮದುವೆಗೆ, ಬಾಣಂತನಕ್ಕೆ, ಮನೆಯ ಭೋಗ್ಯಕ್ಕೆ ಬಿಡಿಸಿದವರೂ ಇದ್ದರು. ಸುಮ್ಮನೆ ಖರ್ಚು ಮಾಡುವ ಆಸೆಗೆ ಬಿಡಿಸಿದವರನ್ನು ನಾನು ಬೆರಳೆಣಿಕೆಯಷ್ಟೂ ಕಂಡಿಲ್ಲ. ಬಡವರಿಗೆ ಉಳಿತಾಯದ ಬುದ್ಧಿ ಇಲ್ಲ ಎನ್ನುವ ಮಾತನ್ನು ನಾನು ಯಾವತ್ತೂ ಒಪ್ಪಲಾರೆ. ಅದೇ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ಒಬ್ಬರೂ ಕಂತು ತಪ್ಪಿಸದಂತೆ. ಚೀಟಿ ಕೂಗಿ ಎತ್ತುವಾಗ ಯಾರ ಮನೆಯಲ್ಲಿ ಏನು ಕಷ್ಟ ಎಂಬುದು ಗೊತ್ತಿದ್ದವರು ಪೈಪೋಟಿಗೆ ಕೂಗದೆ ಬಿಟ್ಟುಕೊಡುತ್ತಿದ್ದರು.

ತಿಪಟೂರು ಕಡೆಯ ನಮ್ಮ ಮನೆಯ ಅಟ್ಟದ ಬಗ್ಗೆ ಇಲ್ಲಿ ಹೇಳಲೇಬೇಕು. ಉಂಡೆಕೊಬ್ಬರಿ ಮಾಡುವವರು ಸಿಪ್ಪೆ ಸಮೇತ ಕಾಯನ್ನು ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೂ ಮುಟ್ಟುವ ಹಾಗಿಲ್ಲ. ಐದು ತಿಂಗಳಿಗೆ ಒಡೆದರೆ ಅತ್ತ ಹಸಿಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಮಂಡಿಯಲ್ಲಿ ಯಾರೂ ಕೊಳ್ಳುವುದಿಲ್ಲ. ಆದರೆ ನಮ್ಮಪ್ಪ ಕಿತ್ತ ಕಾಯನ್ನೆಲ್ಲ ಅಟ್ಟಕ್ಕೆ ಹಾಕುತ್ತಿರಲಿಲ್ಲ. ಒಂದು ಪಾಲನ್ನು ಕೆಳಗೆ ಪಡಸಾಲೆಯ ಮೂಲೆಯಲ್ಲೇ ರಾಶಿ ಹಾಕಿಸುತ್ತಿದ್ದರು. ಮನೆ ಖರ್ಚಿಗೆ, ಆಸ್ಪತ್ರೆಗೆ, ಹಬ್ಬಕ್ಕೆ ಆ ರಾಶಿಯಿಂದಲೇ ಮಾರಾಟ. ಕೆಳಗಿನ ರಾಶಿ ಇದ್ದ ವರ್ಷ ಅಟ್ಟದ ಕಾಯಿ ಪೂರ್ತಿ ಕೊಬ್ಬರಿಯಾಯಿತು. ಮಳೆ ಕೈಕೊಟ್ಟು ಕೆಳಗಿನ ರಾಶಿ ಇಲ್ಲದ ವರ್ಷ ಅಟ್ಟಕ್ಕೆ ಏಣಿ ಹಾಕಿದರು. ಪಿಎಫ್ ಬಿಡಿಸಲು ಬರುತ್ತಿದ್ದವರಿಗೆ ಇಲ್ಲದೆ ಹೋದದ್ದು ಈ ಕೆಳಗಿನ ರಾಶಿ. ನಿವೃತ್ತಿಯ ಹಣ ಉಳಿಯಬೇಕಾದರೆ ಅದರ ಮುಂದೆ ಕಾವಲಿಗೆ ಬೇರೆ ಹಣ ನಿಂತಿರಬೇಕು. ಯಾವ ಫಂಡಿನಲ್ಲಿ ಹಾಕಲಿ ಎಂದು ನನ್ನನ್ನು ಕೇಳಿದವರಿಗೆಲ್ಲ, ಬ್ಯಾಂಕಿನಲ್ಲಿ ನಾಲ್ಕು ತಿಂಗಳ ಮನೆ ಖರ್ಚು ಇದೆಯೇ ಎಂದು ನಾನು ತಿರುಗಿ ಕೇಳುತ್ತಿದ್ದುದು ಇದಕ್ಕೇ.

ಷೇರು ಪೇಟೆಯ ಫಂಡುಗಳ ಕಡೆ ನಾನು ತಿರುಗಿದ್ದು ಬಡ್ಡಿ ಇಳಿದ ಮೇಲೆ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ ಇವತ್ತು ಹತ್ತು ಸಾವಿರದಲ್ಲಿ ನಡೆಯುವ ಸಂಸಾರಕ್ಕೆ ಮೂವತ್ತು ವರ್ಷದ ಮೇಲೆ ಐವತ್ತೇಳು ಸಾವಿರ ಬೇಕು. ಬರೀ ಶೇ. 8ರ ಬಡ್ಡಿ ನಂಬಿದರೆ ಬೆಲೆಯ ಹಿಂದೆ ಏದುಸಿರು ಬಿಡುತ್ತ ಓಡಿದ ಹಾಗೆ. ಆ ಕಾಲಕ್ಕೆ ಬೆಂಗಳೂರಿನಲ್ಲಿ ಹೊಸ ಫಂಡುಗಳ ಸುಗ್ಗಿ. 2005, 2006ರಲ್ಲಿ ವಾರಕ್ಕೊಬ್ಬರು ಏಜೆಂಟರು ಬಣ್ಣದ ಕರಪತ್ರ ಹಿಡಿದು ಅಕೌಂಟ್ಸ್ ವಿಭಾಗಕ್ಕೆ ಬರುತ್ತಿದ್ದರು. ಹೊಸ ಫಂಡಿನ ಯೂನಿಟ್ ಹತ್ತೇ ರೂಪಾಯಿ, ಹಳೆಯದಕ್ಕೆ ನೂರಿಪ್ಪತ್ತು ಇದೆ, ಹತ್ತರದ್ದು ಅಗ್ಗ ಎನ್ನುವುದು ಅವರ ಮಾತು. ಬಹಳ ಜನ ನಂಬಿದರು. ನಾನು ಕಾಗದ ತೆಗೆದು ತೋರಿಸುತ್ತಿದ್ದೆ: ಹತ್ತು ಸಾವಿರ ಹಾಕಿ ಎರಡರಲ್ಲೂ ಶೇ. 10 ಏರಿದರೆ ಎರಡೂ ಹನ್ನೊಂದು ಸಾವಿರವೇ. ಯೂನಿಟ್ ಸಾವಿರ ಸಿಕ್ಕರೇನು, ಎಂಬತ್ತಮೂರು ಸಿಕ್ಕರೇನು? ಹೊಸದಕ್ಕೆ ಇರುವ ಒಂದೇ ವ್ಯತ್ಯಾಸವೆಂದರೆ ಅದರ ಹಿಂದಿನ ನಡತೆ ನೋಡಲು ದಾಖಲೆ ಇಲ್ಲ.

ಅದಕ್ಕಿಂತ ಹೆಚ್ಚು ನೋವಾದದ್ದು ವಿಮೆ ಮತ್ತು ಷೇರು ಎರಡನ್ನೂ ಬೆರೆಸಿ ಮಾರಿದ ಯುಲಿಪ್‌ಗಳನ್ನು ಕಂಡಾಗ. 2010ರಲ್ಲಿ ನಿಯಮ ಬಿಗಿ ಮಾಡುವ ಮೊದಲು ಕೆಲವು ಪಾಲಿಸಿಗಳಲ್ಲಿ ಮೊದಲ ವರ್ಷದ ಕಂತಿನ ಶೇ. 30ರಷ್ಟು ಖರ್ಚಿನ ಹೆಸರಲ್ಲೇ ಹೋಗುತ್ತಿತ್ತು. ನಮ್ಮ ಕಟಿಂಗ್ ವಿಭಾಗದ ಮಾಸ್ಟರೊಬ್ಬರು ತಮ್ಮ ಪಾಲಿಸಿ ದಾಖಲೆ ತಂದು ಓದಿಸಿದರು. ಸಣ್ಣ ಅಕ್ಷರದ ಇಂಗ್ಲಿಷಿನ ಆ ಪಟ್ಟಿಯನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದಂತೆ ಅವರು ಕುರ್ಚಿಯ ಅಂಚಿಗೆ ಬಂದು ಕೂತರು. ವಿಮೆ ಬೇಕಾದರೆ ಟರ್ಮ್ ಪಾಲಿಸಿ, ಹಣ ಬೆಳೆಯಬೇಕಾದರೆ ಫಂಡ್. ಎರಡನ್ನೂ ಬೇರೆ ಬೇರೆ ಇಡಿ ಎಂದು ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ನನ್ನ ಸ್ವಂತ ಹಣಕ್ಕೆ ಫಂಡ್ ಆರಿಸುವ ಮುಂಚೆ ಒಂದು ಕೆಲಸ ಮಾಡಿದೆ. ಪತ್ರಿಕೆಗಳಲ್ಲಿ ಬರುವ “ಈ ವರ್ಷದ ಅತ್ಯುತ್ತಮ ಫಂಡುಗಳು” ಪಟ್ಟಿಗಳನ್ನು ಕತ್ತರಿಸಿ, ಹಳೆಯ ಬಾಕ್ಸ್ ಫೈಲಿನಲ್ಲಿ ವರ್ಷದ ಪ್ರಕಾರ ಜೋಡಿಸಿಟ್ಟೆ. ಕೆಲವು ವರ್ಷಗಳಾದ ಮೇಲೆ ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದೆ. ಒಂದು ವರ್ಷದ ತುದಿಯಲ್ಲಿದ್ದ ಹೆಸರು ಮುಂದಿನ ಪಟ್ಟಿಯಲ್ಲಿ ನಡುವಿಗೆ, ಅದರ ಮುಂದಿನದರಲ್ಲಿ ಮಾಯ. ಒಂದೆರಡು ಫಂಡುಗಳು ಉಳಿದುಕೊಂಡಿದ್ದವು, ನಿಜ. ಅವು ಯಾವುವು ಎಂದು ಮೊದಲೇ ಹೇಳಲು ಆ ಪಟ್ಟಿಗಳಲ್ಲಿ ಯಾವ ಸುಳಿವೂ ಇರಲಿಲ್ಲ. ಖಚಿತವಾಗಿ ಮೊದಲೇ ಗೊತ್ತಿದ್ದ ಅಂಕಿ ಒಂದೇ: ಪ್ರತಿ ವರ್ಷ ಫಂಡ್ ಕಂಪನಿ ಖರ್ಚಿಗೆಂದು ಕತ್ತರಿಸಿಕೊಳ್ಳುವ ಪಾಲು, ಎಕ್ಸ್‌ಪೆನ್ಸ್ ರೇಶಿಯೊ. ಒಂದು ಲಕ್ಷ ರೂಪಾಯಿ ಮೂವತ್ತು ವರ್ಷ ಶೇ. 10ರಂತೆ ಬೆಳೆದರೆ ಹದಿನೇಳೂವರೆ ಲಕ್ಷದ ಹತ್ತಿರ. ಖರ್ಚು ಶೇ. 1 ಹೆಚ್ಚಾಗಿ ಶೇ. 9 ಮಾತ್ರ ಕೈಗೆ ಬಂದರೆ ಹದಿಮೂರು ಲಕ್ಷ ಚಿಲ್ಲರೆ. ನೂರಕ್ಕೆ ಒಂದು ರೂಪಾಯಿ ತಾನೇ ಎಂದು ಬಿಟ್ಟರೆ ಕೊನೆಯಲ್ಲಿ ನಾಲ್ಕು ಲಕ್ಷ ಹೋಗಿರುತ್ತದೆ. ಅಕೌಂಟ್ಸ್‌ನಲ್ಲಿ ಬದುಕು ಸವೆಸಿದವಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಹಾಗಾಗಿ ನಿಫ್ಟಿ ಸೂಚ್ಯಂಕದ ಐವತ್ತು ಕಂಪನಿಗಳನ್ನು ಅದರಲ್ಲಿರುವ ತೂಕದಲ್ಲೇ ಹಿಡಿದಿಡುವ ಒಂದು ಇಂಡೆಕ್ಸ್ ಫಂಡನ್ನು ಆರಿಸಿಕೊಂಡು ತಿಂಗಳ ಎಸ್‌ಐಪಿ ಶುರು ಮಾಡಿದೆ. ಆಮೇಲೆ 2009ರ ಆಗಸ್ಟ್‌ನಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಫಂಡುಗಳ ಪ್ರವೇಶ ಶುಲ್ಕವನ್ನು ರದ್ದು ಮಾಡಿತು. 2013ರ ಜನವರಿ 1ರಿಂದ ಎಲ್ಲ ಫಂಡುಗಳಿಗೂ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಬಂತು. ಅದೇ ಷೇರುಗಳು, ಅದೇ ನಿರ್ವಾಹಕರು, ಖರ್ಚು ಮಾತ್ರ ಕಡಿಮೆ. ನಾನು ಅದಕ್ಕೆ ಬದಲಾಯಿಸಿಕೊಂಡೆ. ಎಲ್ಲರೂ ಹಾಗೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಪೇಟೆ ಬಿದ್ದಾಗ ಕೈಹಿಡಿದು ನಿಲ್ಲಿಸುವ ಒಬ್ಬ ಪ್ರಾಮಾಣಿಕ ಏಜೆಂಟ್ ಇದ್ದರೆ ಅವರ ಕಮಿಷನ್ ದಂಡವೇನಲ್ಲ. ಸ್ವಂತ ಲೆಕ್ಕ ತಾನೇ ನೋಡಿಕೊಳ್ಳುವವರಿಗೆ ಮಾತ್ರ ಡೈರೆಕ್ಟ್ ಪ್ಲಾನಿನ ಲಾಭ ಪೂರ್ತಿ ದಕ್ಕುತ್ತದೆ.

ಪೇಟೆ ಬಿದ್ದದ್ದೂ ಸಣ್ಣದಾಗಿಯಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಯಲ್ಲಿ 8,000ಕ್ಕೂ ಕೆಳಗೆ ಇಳಿದಿತ್ತು. ಅಮೆರಿಕದ ಬ್ಯಾಂಕು ಮುಳುಗಿದ ಬಿಸಿ ಪೀಣ್ಯಕ್ಕೂ ತಟ್ಟಿತು, ರಫ್ತಿನ ಆರ್ಡರುಗಳು ರದ್ದಾದವು, ನೈಟ್ ಶಿಫ್ಟ್ ನಿಂತಿತು. ನನ್ನ ಎಸ್‌ಐಪಿ ನಿಲ್ಲಲಿಲ್ಲ. ನನ್ನ ಧೈರ್ಯ ದೊಡ್ಡದೇನಲ್ಲ. ಒಂದು ವರ್ಷದ ಮನೆ ಖರ್ಚು ಬ್ಯಾಂಕಿನ ಠೇವಣಿಯಲ್ಲಿತ್ತು, ಪಿಎಫ್ ಮತ್ತು ಪಿಪಿಎಫ್ ಪೇಟೆಯ ಏರಿಳಿತಕ್ಕೆ ಸಿಗದ ಜಾಗದಲ್ಲಿದ್ದವು. ಫಂಡಿನ ಹಣ ಇನ್ನು ಹದಿನೈದು ವರ್ಷ ನನಗೆ ಬೇಕಾಗಿಯೇ ಇರಲಿಲ್ಲ. ಅಂಥವರಿಗೆ ಬಿದ್ದ ಪೇಟೆ ಅಗ್ಗದ ಪೇಟೆ. ಅದೇ ತಿಂಗಳು ಮಗಳ ಮದುವೆಗೆ ಫಂಡ್ ಮಾರಬೇಕಾಗಿ ಬಂದ ಸಹೋದ್ಯೋಗಿಯ ಹಣವೂ ನನ್ನ ಹಣವೂ ಇದ್ದದ್ದು ಒಂದೇ ಬಗೆಯ ಫಂಡಿನಲ್ಲಿ. ಅವರಿಗೆ ಅರ್ಧಕ್ಕೂ ಕಡಿಮೆ ಸಿಕ್ಕಿತು. ಫಂಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ, ಹಣ ಯಾವಾಗ ಬೇಕು ಎಂಬುದನ್ನು ಬಿಟ್ಟು ಉತ್ತರವೇ ಇಲ್ಲ.

ಈಗ 2016ಕ್ಕೆ ಬರುತ್ತೇನೆ. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕೆಲಸ ಬಿಟ್ಟವರು ಇನ್ನು ಮುಂದೆ ತಮ್ಮ ಪಾಲಿನ ಪಿಎಫ್ ಮಾತ್ರ ಬಿಡಿಸಬಹುದು. ಮಾಲೀಕರ ಪಾಲು 58 ತುಂಬುವವರೆಗೂ ಒಳಗೇ ಇರಬೇಕು. ಕಾಗದದ ಮೇಲೆ ನೋಡಿದರೆ ನಾನು ವರ್ಷಗಟ್ಟಲೆ ಹೇಳುತ್ತಿದ್ದುದೇ. ಏಪ್ರಿಲ್ 18ರ ಸೋಮವಾರ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಬೊಮ್ಮನಹಳ್ಳಿ, ಹೊಸೂರು ರಸ್ತೆಯಲ್ಲಿ ಶುರುವಾದದ್ದು ಮರುದಿನ ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಗೂ ಹಬ್ಬಿತು. ಬಸ್ಸುಗಳು ಉರಿದವು, ಲಾಠಿ ಬೀಸಿದರು, ಅಶ್ರುವಾಯು ಹಾರಿತು. ದೊಡ್ಡ ಸಂಘಟನೆ ಕರೆ ಕೊಟ್ಟ ಮುಷ್ಕರ ಅದಾಗಿರಲಿಲ್ಲ. ಒಂದು ಕಾರ್ಖಾನೆಯವರು ಹೊರಬಂದದ್ದು ನೋಡಿ ಇನ್ನೊಂದು ಕಾರ್ಖಾನೆಯವರು ಹೊರಬಂದರು. ಮಂಗಳವಾರ ಸಂಜೆಯ ಹೊತ್ತಿಗೆ ಸರ್ಕಾರ ಅಧಿಸೂಚನೆಯನ್ನೇ ವಾಪಸು ಪಡೆಯಿತು.

ನಮ್ಮ ಕಾರ್ಖಾನೆಯ ಯಂತ್ರಗಳು ಆ ಮಂಗಳವಾರ ಮಧ್ಯಾಹ್ನ ನಿಂತಿದ್ದವು. ಗೇಟಿನ ಹೊರಗೆ ನನ್ನನ್ನು ಕಂಡ ಕೆಲವರು ಹತ್ತಿರ ಬಂದರು. “ಅಕ್ಕಾ, ಐವತ್ತೆಂಟರವರೆಗೆ ನಮ್ಮನ್ನ ಯಾರು ಕೆಲಸಕ್ಕೆ ಇಟ್ಕೋತಾರೆ? ನಲವತ್ತಕ್ಕೆ ಕಣ್ಣು ಹೋಗುತ್ತೆ, ಸೊಂಟ ಹೋಗುತ್ತೆ” ಎಂದಳೊಬ್ಬಳು. ಅವಳ ಮಾತಿಗೆ ಎದುರು ಮಾತಿಲ್ಲ. ನಿವೃತ್ತಿ ಎನ್ನುವುದು ಐವತ್ತೆಂಟಕ್ಕೋ ಅರವತ್ತಕ್ಕೋ ಬರುತ್ತದೆಂದು ನಿಯಮ ಬರೆದವರು ಅಂದುಕೊಂಡಿದ್ದರು. ಹೊಲಿಗೆಯ ಲೈನಿನಲ್ಲಿ ಕೂತವಳಿಗೆ ಅದು ನಲವತ್ತೈದಕ್ಕೇ ಬಂದಿರುತ್ತದೆ, ಹೆಸರು ಹೇಳದೆ. ಕೆಳಗಿನ ರಾಶಿಯನ್ನು ಕೊಡದೆ ಅಟ್ಟದ ಬಾಗಿಲಿಗೆ ಮಾತ್ರ ಬೀಗ ಹಾಕಲು ಹೊರಟದ್ದು ಅನ್ಯಾಯ ಎಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ.

ಆ ಗಲಾಟೆ ತಣ್ಣಗಾದ ಮೇಲೆ ಆಡಳಿತದವರ ಮುಂದೆ ಒಂದು ಸಣ್ಣ ಪ್ರಸ್ತಾಪ ಇಟ್ಟೆ. ಹಬ್ಬದ ಮುಂಗಡವನ್ನು ದೀಪಾವಳಿಗೆ ಕೊಡುತ್ತಿದ್ದರು. ಬೇಕಾದವರಿಗೆ ಅದನ್ನೇ ಮೇ ತಿಂಗಳಲ್ಲಿ ಕೊಟ್ಟು, ಹತ್ತು ಕಂತಿನಲ್ಲಿ ಸಂಬಳದಿಂದ ಹಿಡಿದುಕೊಳ್ಳಬಹುದಲ್ಲ ಎಂದು. ಕಂಪನಿಗೆ ಬಡ್ಡಿಯ ನಷ್ಟ ಅತ್ಯಲ್ಪ. ನುರಿತ ಟೈಲರ್ ಒಬ್ಬಳು ಬಿಟ್ಟುಹೋದರೆ ಹೊಸಬಳನ್ನು ತಯಾರು ಮಾಡುವ ಖರ್ಚು ಅದಕ್ಕಿಂತ ಜಾಸ್ತಿ. ಎರಡನೇ ಲೆಕ್ಕ ಅವರಿಗೆ ಒಪ್ಪಿಗೆಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಫಾರಂ 19ರ ಕಟ್ಟು ತೆಳ್ಳಗಾದದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಯುಎಎನ್ ಕೂಡ ಬಂದಿತ್ತು. 2014ರಿಂದ ಒಬ್ಬರಿಗೆ ಒಂದೇ ನಂಬರು, ಎಷ್ಟು ಕಾರ್ಖಾನೆ ಬದಲಿಸಿದರೂ. ಕೆಲವರು ಹತ್ತು ವರ್ಷದ ಸೇವೆ ಮುಗಿಸಿ ಪಿಂಚಣಿಗೆ ಅರ್ಹರಾದರು. ಎಷ್ಟು ಪಿಂಚಣಿ? ಪಿಎಫ್ ಜೊತೆಗಿನ ಪಿಂಚಣಿ ಯೋಜನೆಯಾದ ಇಪಿಎಸ್‌ನಲ್ಲಿ ಕನಿಷ್ಠ ಸಾವಿರ ರೂಪಾಯಿ ಎಂದು 2014ರಲ್ಲಿ ಗೊತ್ತುಮಾಡಿದರು. ನಾನು ನಿವೃತ್ತಳಾಗುವ ಹೊತ್ತಿಗೂ ಆ ಸಾವಿರ ಅಲ್ಲೇ ನಿಂತಿತ್ತು. ಒಂದು ಸಿಲಿಂಡರಿನ ದುಡ್ಡು ತೆಗೆದಿಟ್ಟರೆ ಉಳಿಯುವುದೇನು? ಇದನ್ನು ಹೆಚ್ಚಿಸಲೇಬೇಕು. ಜೀವನವಿಡೀ ದುಡಿದವರಿಗೆ ಕೊಡುವ ಹಣ ಇದು.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನದಲ್ಲಿ 3,900ಕ್ಕೂ ಹೆಚ್ಚು ಅಂಶ ಕುಸಿದಾಗ ನನಗೆ ನಿವೃತ್ತಿ ಹತ್ತಿರವಾಗಿತ್ತು. ಐವತ್ತು ದಾಟಿದ ಮೇಲೆ ವರ್ಷಕ್ಕಿಷ್ಟು ಎಂದು ಫಂಡಿನಿಂದ ತೆಗೆದು ಠೇವಣಿ, ಸಾಲಪತ್ರಗಳ ಕಡೆ ಸಾಗಿಸುತ್ತ ಬಂದಿದ್ದೆ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನ ಆಟೋ ಆಯ್ಕೆಯಲ್ಲಿ ವಯಸ್ಸಾದಂತೆ ಷೇರಿನ ಪಾಲು ತಾನಾಗಿ ಇಳಿಯುವ ಕ್ರಮವನ್ನು ನೋಡಿ ಕಲಿತದ್ದು. ಹಾಗಾಗಿ ಕುಸಿದದ್ದು ನನ್ನ ಉಳಿತಾಯದ ಒಂದು ಭಾಗ ಮಾತ್ರ. ಕೋವಿಡ್ ಮುಂಗಡವೆಂದು ಪಿಎಫ್‌ನಿಂದ ಹೆಚ್ಚೆಂದರೆ ಮೂರು ತಿಂಗಳ ಸಂಬಳದಷ್ಟು ತೆಗೆಯಲು ಸರ್ಕಾರ ಅವಕಾಶ ಕೊಟ್ಟಿತು. ನಮ್ಮಲ್ಲಿ ಬಹುಪಾಲು ಜನ ತೆಗೆದರು. ತೆಗೆಯಬೇಡಿ ಎಂದು ನಾನು ಯಾರಿಗೂ ಹೇಳಲಿಲ್ಲ. ಲಾಕ್‌ಡೌನಿನಲ್ಲಿ ಅಕ್ಕಿ ತರಲು ಅದಿಲ್ಲದಿದ್ದರೆ ಇನ್ಯಾವುದು?

ಈಗ ನನಗೆ ಬರುವ ಇಪಿಎಸ್ ಪಿಂಚಣಿ ಐದು ಸಾವಿರ ಮುಟ್ಟುವುದಿಲ್ಲ. ವೇತನದ ಮಿತಿ 6,500 ಇದ್ದ ವರ್ಷಗಳಿಗೆ ಆ ದರದಲ್ಲಿ, 15,000 ಆದ ಮೇಲಿನ ವರ್ಷಗಳಿಗೆ ಈ ದರದಲ್ಲಿ. ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಿದರೆ ಸಿಗುವುದು ಅಷ್ಟೇ. ಮನೆ ನಡೆಯುತ್ತಿರುವುದು ಉಳಿದವುಗಳಿಂದ. ಪಿಪಿಎಫ್ ಹದಿನೈದು ವರ್ಷಕ್ಕೆ ಪಕ್ವವಾದಾಗ ಮುಚ್ಚದೆ, ಐದೈದು ವರ್ಷಕ್ಕೆ ಮುಂದುವರಿಸಿಕೊಂಡು ಬಂದೆ. 1990ರ ದಶಕದಲ್ಲಿ ಶೇ. 12ರ ಬಡ್ಡಿಯಲ್ಲಿ ಬೆಳೆದ ಮೊದಲ ವರ್ಷಗಳ ಪುಟ್ಟ ಪುಟ್ಟ ಕಂತುಗಳೇ ಇವತ್ತು ಆ ಪಾಸ್‌ಬುಕ್ಕಿನ ದೊಡ್ಡ ಪಾಲು.

ನನ್ನ ತಂಗಿಯ ಮಗಳು ಕಳೆದ ವರ್ಷ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದಳು. “ದೊಡ್ಡಮ್ಮಾ, ಸ್ಮಾಲ್ ಕ್ಯಾಪ್ ಫಂಡ್ ಹಾಕ್ಲಾ? ಆಫೀಸಲ್ಲಿ ಎಲ್ರೂ ಅದನ್ನೇ ಹಾಕ್ತಿದಾರೆ” ಎಂದು ಮೊದಲ ತಿಂಗಳೇ ಕೇಳಿದಳು. ಷೇರು ಪೇಟೆಯ ಗಾತ್ರದಲ್ಲಿ ಮೊದಲ 250ರ ಆಚೆಗಿನ ಕಂಪನಿಗಳು ಅವು, ಏರುವಾಗ ಜೋರು, ಬೀಳುವಾಗಲೂ ಜೋರು, ಬಿದ್ದ ಮೇಲೆ ಏಳಲು ವರ್ಷಗಳೇ ಹಿಡಿಯಬಹುದು ಎಂದೆ. ಬೇಡವೆನ್ನಲಿಲ್ಲ. ಅವಳ ಮುಂದೆ ಮೂವತ್ತೈದು ವರ್ಷವಿದೆ. ಮೊದಲು ನಾಲ್ಕು ತಿಂಗಳ ಬಾಡಿಗೆ, ಊಟದ ಖರ್ಚು ಬ್ಯಾಂಕಿನಲ್ಲಿ ಕೂಡಿಸಿಕೋ, ಆಮೇಲೆ ಇಂಡೆಕ್ಸ್ ಫಂಡ್, ಅದರ ಮೇಲೆ ಬೇಕಾದರೆ ನೂರಕ್ಕೆ ಹದಿನೈದರಷ್ಟು ಸ್ಮಾಲ್ ಕ್ಯಾಪ್ ಎಂದೆ. ಅವಳು ಇಪ್ಪತ್ತೈದು ಎಂದಳು. ಇಪ್ಪತ್ತಕ್ಕೆ ಒಪ್ಪಿಕೊಂಡೆವು.

ಅದೇ ದಿನ ಅವಳ ಫೋನಿನಲ್ಲೇ ಪಿಎಫ್ ನಾಮಿನಿ ತುಂಬಿಸಿದೆ. ಅಮ್ಮನ ಹೆಸರು ಹಾಕಿದಳು. ಮದುವೆಯಾದರೆ ಈ ನಾಮಿನೇಶನ್ ರದ್ದಾಗುತ್ತದೆ, ಹೊಸದಾಗಿ ತುಂಬಬೇಕು, ಎಷ್ಟೋ ಜನ ಮರೆತು ಆಮೇಲೆ ಕುಟುಂಬದವರು ಅಲೆದಾಡಿದ್ದನ್ನು ನೋಡಿದ್ದೇನೆ ಎಂದು ಹೇಳಿ, ಅವಳ ಡೈರಿಯಲ್ಲಿ ನಾನೇ ಬರೆದಿಟ್ಟು ಬಂದೆ. ಹಳೆಯ ಕಾರ್ಖಾನೆಯ ಇಬ್ಬರು ಹೆಣ್ಣುಮಕ್ಕಳೂ ತಮ್ಮ ಪಿಎಫ್ ಕಾಗದ ಹಿಡಿದು ಮುಂದಿನ ಭಾನುವಾರ ಮನೆಗೆ ಬರುತ್ತೇವೆಂದಿದ್ದಾರೆ. ಒಬ್ಬಾಕೆಗೆ ಒಂಬತ್ತು ವರ್ಷದ ಸೇವೆಯಾಗಿದೆ, ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆ. ಇನ್ನೊಂದು ವರ್ಷ ಹೇಗೆ ತಳ್ಳಬಹುದೆಂದು ಇಬ್ಬರೂ ಕೂತು ನೋಡಬೇಕು.